ಕುದುರೆಯ ಹಿಂಗಾಲೂ ಒಂದು ಚಮಚ ಹೆಪ್ಪೂ

ಮಾರ್ಚ್ ೩, ಮಂಗಳವಾರ

ಜಠರದ ಹೆಬ್ಬಾಗಿಲಿನಿಂದ ಹಿಡಿದು ಹೆಸರು ಹೇಳಬಾರದ ಹಿಂಬಾಗಿಲಿನವರೆಗೆ ಸುರುಳಿ ಸುರುಳಿಯಾಗಿ ಹಬ್ಬಿರುವ ಅಖಂಡ ಕರುಳು ಮಂಡಲದ ಸಮಸ್ತ ಪ್ರಜೆಗಳೇ! ನಾನು ಹುಟ್ಟಿದಂದಿನಿಂದ ನನ್ನೊಳಗೆ ಬಿಟ್ಟಿ ವಾಸವಾಗಿರುವ, ಕಣ್ಣಿಗೆ ಕಾಣದ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳೇ! ನಿಮ್ಮ ಸಾಮ್ರಾಜ್ಞಿ ಇಂದು ಆಸ್ಪತ್ರೆಯಿಂದ ಮನೆಗೆ ದಯಮಾಡಿಸಿದ್ದಾಳೆ. ಬದುಕುಳಿದವರು ಎದ್ದು ನಿಂತು ಗೌರವ ಸಲ್ಲಿಸತಕ್ಕದ್ದು. ಸತ್ತವರಿಗೆ ವಿನಾಯಿತಿ ಇದೆ.

ನಡೆದದ್ದು ಇಷ್ಟು. ನಮ್ಮ ಮಕ್ಕಳ ನಾಟಕದ ರಂಗದ ಮೇಲೆ ಒಂದು ರಟ್ಟಿನ ಬಾವಿ ಇದೆ. ಅದರೊಳಗೆ ಒಂದು ಬಕೆಟ್ ನೀರು. ಹೋದ ವರ್ಷದ ನಾಟಕದ ನೀರು ಎಂದು ಕೆಲವರು, ಅಲ್ಲ, ಅದರ ಹಿಂದಿನ ವರ್ಷದ್ದು ಎಂದು ಕೆಲವರು. ಯಾರೋ "ಕುಡಿ ನೋಡೋಣ" ಅಂದರು. ಕುಡಿದು ತೋರಿಸಿದೆ. ಇತಿಹಾಸವನ್ನು ಮುಂದಕ್ಕೆ ತಳ್ಳುವವರು ನಮ್ಮಂಥವರೇ. ಆಮೇಲೆ ಜ್ವರ, ಭೇದಿ, ಕೈಗೆ ಡ್ರಿಪ್ಪು.

ಮನೆಗೆ ಕಳಿಸುವಾಗ ಡಾಕ್ಟರು ಎರಡು ಬಣ್ಣದ ಕ್ಯಾಪ್ಸೂಲ್ ಬರೆದುಕೊಟ್ಟು ಹೇಳಿದರು: "ಹೊಟ್ಟೇಲಿ ಒಳ್ಳೇ ಬ್ಯಾಕ್ಟೀರಿಯಾನೂ ಇರ್ತವೆ, ಕೆಟ್ಟವೂ ಇರ್ತವೆ. ಈ ಆಂಟಿಬಯಾಟಿಕ್‌ಗೆ ಮುಖ ಪರಿಚಯ ಇಲ್ಲ, ಇಬ್ಬರಿಗೂ ಬಾರಿಸುತ್ತೆ. ಅದಕ್ಕೇ ಸ್ವಲ್ಪ ದಿನ ಹೊಟ್ಟೆ ಹೀಗೇ ಇರುತ್ತೆ. ಆದ್ರೂ ಕೋರ್ಸ್ ಪೂರ್ತಿ ಮುಗಿಸ್ಬೇಕು. ಮಾತ್ರೆ ತಗೊಂಡು ಒಂದೆರಡು ಗಂಟೆ ಬಿಟ್ಟು ಮೊಸರು ತಿನ್ನು."

"ಯಾವಾಗ ಸರಿಹೋಗುತ್ತೆ ಡಾಕ್ಟ್ರೇ?"

"ಅದನ್ನ ನಿನ್ನ ಹೊಟ್ಟೆನೇ ಕೇಳು."

ಕೇಳುತ್ತಾ ಕೂರಲು ನನಗೆ ಪುರುಸೊತ್ತಿಲ್ಲ. ಇದೇ ಇಪ್ಪತ್ತೆಂಟಕ್ಕೆ ನಾಟಕ. ಅದರಲ್ಲೊಂದು ಕುದುರೆ. ಕುದುರೆಯ ಮುಂಭಾಗ ನಮ್ಮಣ್ಣ, ಹಗಲು ಲಿಫ್ಟ್ ರಿಪೇರಿ ಮಾಡುವವನು. ಹಿಂಭಾಗ ನಾನು. ಕುದುರೆ ಹುಟ್ಟಿದಂದಿನಿಂದ ನಾನೇ. ತಲೆಯನ್ನು ಯಾರು ಬೇಕಾದರೂ ಆಡಿಸಬಹುದು, ಹಿಂಗಾಲಿಗೆ ಪ್ರತಿಭೆ ಬೇಕು. ಮುಂಗಾಲು ಹೊರಟಾಗ ಹಿಂಗಾಲು 'ನಾನು ಬರಲ್ಲ ಹೋಗು' ಎಂದು ಕಾಲಿಗೆ ಕಾಲು ಹೆಣೆದು ನಿಲ್ಲುವುದು ನನ್ನ ಸ್ವಂತ ಸೃಷ್ಟಿ. ಅದನ್ನು ನೋಡಿ ಮಕ್ಕಳು ಕುರ್ಚಿಯಿಂದ ಜಾರುತ್ತಾರೆ. ಆದರೆ ಸೊಂಟ ಬಗ್ಗಿಸಿ, ಅಣ್ಣನ ಬೆಲ್ಟು ಹಿಡಿದು, ಗಂಟೆಗೂ ಹೆಚ್ಚು ಹೊತ್ತು ಆ ಬಟ್ಟೆಯ ಗವಿಯೊಳಗೆ ಇರಬೇಕು. ಅರ್ಧ ಕುದುರೆ ಟಾಯ್ಲೆಟ್ಟಿಗೆ ಓಡಿದರೆ ಉಳಿದರ್ಧ ರಂಗದ ಮೇಲೆ ಏನು ಮಾಡಬೇಕು?

ಇನ್ನು ದುರ್ವಾರ್ತೆ. ನಾನು ಆಸ್ಪತ್ರೆಯಲ್ಲಿದ್ದಾಗ ನನ್ನ ಹಿಂಗಾಲುಗಳನ್ನು ಅಣ್ಣನ ಹೆಂಡತಿಯವರು ವಶಪಡಿಸಿಕೊಂಡಿದ್ದಾರೆ.

ಮಾರ್ಚ್ ೪, ಬುಧವಾರ

ಅಣ್ಣನ ಹೆಂಡತಿಯವರು ಶಾಲೆಯಲ್ಲಿ ಪಿ.ಟಿ. ಟೀಚರು. ಕೊರಳಲ್ಲಿ ಸದಾ ಒಂದು ಸೀಟಿ. ಈ ಮನೆಗೆ ಬಂದ ದಿನ ಸೂಟ್‌ಕೇಸನ್ನು ಅಣ್ಣನ ಕೈಗೆ ಕೊಟ್ಟು, ತಾವು ಮಾತ್ರ ಒಂದು ಪುಟ್ಟ ಸ್ಟೀಲ್ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿದ್ದರು. ಒಡವೆ ಇರಬೇಕು ಅಂದುಕೊಂಡೆ. ನೋಡಿದರೆ ಹೆಪ್ಪು! ಮೊಸರಿಗೆ ಹಾಕುವ ಹೆಪ್ಪು. ಅಲ್ಲಿಂದ ಇಲ್ಲಿಯವರೆಗೆ ನಮ್ಮ ಮನೆಯ ಮೊಸರೆಲ್ಲ ಆ ಡಬ್ಬಿಯ ಸಂತಾನ.

ಇಂದು ಅವರು ನನ್ನ ಹಾಸಿಗೆಯ ಬಳಿ ಒಂದು ಬಟ್ಟಲು ಮೊಸರು ಇಟ್ಟರು.

"ತಿನ್ನು. ಇದರಲ್ಲಿ ಇರೋವೆಲ್ಲ ಜೀವಂತ. ಹೊಟ್ಟೆಗೆ ಹೋಗಿ ಕೆಲಸ ಮಾಡ್ತವೆ."

"ಜೀವಂತವಾಗಿರೋದನ್ನ ನಾನು ತಿನ್ನಲ್ಲ ರೀ. ಪಾಪ ಬರುತ್ತೆ."

"ರೀ ಅಂತೆ! ಬಾವಿ ನೀರಲ್ಲಿ ಇದ್ದವು ಸತ್ತಿದ್ವಾ?"

ಬಾಗಿಲಲ್ಲಿ ನಿಂತಿದ್ದ ಅಣ್ಣ ಹ್ಹಿ ಹ್ಹಿ ಹ್ಹಿ ಎಂದ. ಒಂದು ಕಾಲದಲ್ಲಿ ನನ್ನ ಜೋಕಿಗೆ ಮಾತ್ರ ನಗುತ್ತಿದ್ದ ಮನುಷ್ಯ! ಮೇಷ್ಟ್ರು, ಅಂದರೆ ನಮ್ಮ ನಿರ್ದೇಶಕರು, ರಂಗದಲ್ಲಿ ಕಾಲು ಕಿತ್ತುಕೊಂಡರು. ಇವರು ಮನೆಯಲ್ಲಿ ಅಣ್ಣನನ್ನು ಕಿತ್ತುಕೊಂಡರು. ಈಗ ಕರುಳಿನೊಳಕ್ಕೂ ತಮ್ಮ ಕಡೆಯ ಜನರನ್ನು ಕಳಿಸುವ ಹುನ್ನಾರ.

ಆದ್ದರಿಂದ ಈ ಮೂಲಕ ಸಾರುವುದೇನೆಂದರೆ: ಸಾಮ್ರಾಜ್ಯದ ಗಡಿಯೊಳಗೆ ಆ ಮೊಸರಿಗೆ ಪ್ರವೇಶವಿಲ್ಲ. ನಾನು ಗುಣವಾಗುತ್ತೇನೆ, ಆದರೆ ನನ್ನ ಸ್ವಂತ ಮೊಂಡುತನದಿಂದ.

ಸಂಜೆ ಅಡುಗೆಮನೆಯಲ್ಲಿ ಗದ್ದಲ. ಫ್ರಿಜ್ಜಿನ ಮೊಸರಿನ ಮೇಲಿನ ಕೆನೆ ಪೂರ್ತಿ ಮಾಯ. ಅಮ್ಮ ಅಣ್ಣನ ಕಡೆ ನೋಡಿದಳು. ಬೆಕ್ಕಿನ ಮೇಲೆ ಅನುಮಾನ ಪಡೋಣವೆಂದರೆ ನಮ್ಮ ಮನೆಯಲ್ಲಿ ಬೆಕ್ಕಿಲ್ಲ.

ಮಾರ್ಚ್ ೬, ಶುಕ್ರವಾರ

ಟಾಯ್ಲೆಟ್ಟಿನ ಗೋಡೆಯ ಮೇಲೆ ಒಂದು ಒಡೆದ ಟೈಲ್ಸ್ ಇದೆ. ಅದರ ಬಿರುಕು ಒಂಟೆಯಂತಿದೆ. ಇಂದು ನಾವಿಬ್ಬರೂ ಬಹಳ ಆತ್ಮೀಯರಾದೆವು.

ಮೊಸರು ತಿಂದಿಲ್ಲ. ಸೋತಿಲ್ಲ.

ಮಾರ್ಚ್ ೮, ಭಾನುವಾರ

ಗೋಡೆ ಹಿಡಿದುಕೊಂಡು ರಿಹರ್ಸಲ್ಲಿಗೆ ಹೋದೆ. ಕೊನೆಯ ಸಾಲಿನಲ್ಲಿ ಕುಳಿತು ನನ್ನ ಕುದುರೆಯನ್ನು ನೋಡಿದೆ. ಅಯ್ಯೋ! ಅದು ಕುದುರೆಯಲ್ಲ, ಮಾರ್ಚ್ ಪಾಸ್ಟ್. ಎಡ, ಬಲ, ಎಡ, ಬಲ. ಹಿಂಗಾಲು ಮುಂಗಾಲಿಗಿಂತ ಶಿಸ್ತಾಗಿ ನಡೆಯುತ್ತಿತ್ತು. ನಿಲ್ಲು ಎಂದರೆ ನಿಂತಿತು. ಯಾವ ಮರ್ಯಾದಸ್ಥ ಕುದುರೆ ಹೇಳಿದ ಮಾತು ಕೇಳುತ್ತದೆ?

"ನೋಡು, ಎಷ್ಟು ಶಿಸ್ತು!" ಎಂದರು ಮೇಷ್ಟ್ರು ನನಗೆ ಕೇಳುವಂತೆ.

ನಾನು ತಡೆಯಲಾರದೆ ಎದ್ದು ಹೋಗಿ, "ಒಂದ್ಸಲ ನಾನು ಹೋಗ್ತೀನಿ, ಬಿಡ್ರಿ" ಅಂದೆ. ಅಣ್ಣನ ಹೆಂಡತಿಯವರು ಕುದುರೆಯ ಹೊಟ್ಟೆಯಿಂದ ಹೊರಬಂದು ಜಾಗ ಬಿಟ್ಟರು. ಬಗ್ಗಿದೆ, ಬೆಲ್ಟು ಹಿಡಿದೆ, ಸ್ವಲ್ಪ ದೂರ ನಡೆದೆ. ಅಷ್ಟರಲ್ಲಿ ಸಾಮ್ರಾಜ್ಯದೊಳಗೆ ದಂಗೆ ಎದ್ದಿತು. ಬಾಲವನ್ನು ಸೊಂಟಕ್ಕೆ ಕಟ್ಟಿಕೊಂಡೇ ಓಡಿದೆ.

ವಾಪಸು ಬಂದಾಗ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಇಪ್ಪತ್ತೊಂದಕ್ಕೆ ಪೂರ್ತಿ ರಿಹರ್ಸಲ್ಲು," ಎಂದರು ಮೇಷ್ಟ್ರು. "ಅವತ್ತು ಕುದುರೆಯೊಳಗೆ ಯಾರು ಕೊನೇವರೆಗೂ ಇರ್ತಾರೋ ಅವರದ್ದೇ ನಾಟಕ. ನನಗೆ ಬೇಜಾರೇ ಕಣಮ್ಮ, ಆದ್ರೆ ನಾನೇನು ಮಾಡ್ಲಿ?"

ನಾನು ಬಾಲವನ್ನು ಬಿಚ್ಚಿ ಮೇಜಿನ ಮೇಲಿಟ್ಟು ಬಂದೆ. ಇಟ್ಟೆ ಅನ್ನುವುದಕ್ಕಿಂತ ಎಸೆದೆ ಅನ್ನಬಹುದು.

ಮಾರ್ಚ್ ೯, ಸೋಮವಾರ

ಯುದ್ಧ ಘೋಷಣೆಯಾಗಿದೆ.

ಶತ್ರುವಿನ ಕಾರ್ಯವಿಧಾನವನ್ನು ಗೂಢಚಾರಳಂತೆ ಗಮನಿಸಿದೆ. ಸಂಜೆ ಹಾಲು ಕಾಯಿಸುತ್ತಾರೆ, ಆರಲು ಬಿಡುತ್ತಾರೆ. ಕಿರುಬೆರಳನ್ನು ಹಾಲಿಗೆ ಅದ್ದಿ ಕಣ್ಣು ಮುಚ್ಚಿಕೊಳ್ಳುತ್ತಾರೆ, ಹಾಲು ಏನೋ ಗುಟ್ಟು ಹೇಳುತ್ತಿರುವ ಹಾಗೆ. ಆಮೇಲೆ ಡಬ್ಬಿಯಲ್ಲಿ ಉಳಿಸಿಟ್ಟ ಒಂದು ಚಮಚ ಹೆಪ್ಪನ್ನು ಹಾಕಿ, ಎರಡು ಸುತ್ತು ತಿರುಗಿಸಿ, ಮುಚ್ಚಿ, ಒಲೆಯ ಪಕ್ಕ ಇಡುತ್ತಾರೆ.

ಇಂದು ಅವರು ಬಟ್ಟೆ ಒಣಹಾಕಲು ಹೋದಾಗ ನಾನು ಮುಚ್ಚಳ ತೆಗೆದೆ. ಸಂಜೆಯ ಕ್ಯಾಪ್ಸೂಲನ್ನು ನುಂಗಲಿಲ್ಲ. ಎರಡು ಹೋಳು ಮಾಡಿ, ಒಳಗಿನ ಪುಡಿಯನ್ನು ಹಾಲಿಗೆ ಸುರಿದು ಎರಡು ಸುತ್ತು ತಿರುಗಿಸಿದೆ.

ಬ್ಯಾಕ್ಟೀರಿಯಾಗಳ ಮೇಲೆ ಆಂಟಿಬಯಾಟಿಕ್. ನನ್ನ ಹೊಟ್ಟೆಯಲ್ಲಿ ಆದದ್ದು ಅವರ ಪಾತ್ರೆಯಲ್ಲೂ ಆಗಲಿ. ನ್ಯಾಯ ಅಂದರೆ ಇದು.

ಮಾರ್ಚ್ ೧೦, ಮಂಗಳವಾರ

ಹೆಪ್ಪುಗಟ್ಟಲಿಲ್ಲ.

ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು. ಒಡೆದಿರಲಿಲ್ಲ, ಹುಳಿಯಾಗಿರಲಿಲ್ಲ. ಪಾತ್ರೆ ಓರೆ ಮಾಡಿದರೆ ಆ ಕಡೆ ಹೋಯಿತು, ಈ ಕಡೆ ಬಂತು. ಅಣ್ಣನ ಹೆಂಡತಿಯವರು ಶಾಲೆಗೆ ಹೊರಡುವವರು ನಿಂತುಬಿಟ್ಟರು. ತಮ್ಮ ಕಿರುಬೆರಳನ್ನು ನೋಡಿಕೊಂಡರು. "ಬಿಸಿ ನೋಡೋದರಲ್ಲಿ ನಾನೇ ತಪ್ಪಿದ್ನೇನೋ," ಅಂದರು.

"ಫ್ರಿಜ್ಜಲ್ಲಿ ನಿನ್ನೇದು ಸ್ವಲ್ಪ ಇತ್ತಲ್ಲ," ಎಂದಳು ಅಮ್ಮ.

ಇರಲಿಲ್ಲ. ಬಟ್ಟಲನ್ನು ಯಾರೋ ಬಳಿದು ಖಾಲಿ ಮಾಡಿದ್ದರು.

"ನೀನೇ ತಾನೇ?" ಎಂದಳು ಅಮ್ಮ ಅಣ್ಣನಿಗೆ. ಅಣ್ಣ ನನ್ನ ಕಡೆ ಒಮ್ಮೆ ನೋಡಿ, "ಹೂಂ, ನಾನೇ," ಅಂದ. ಅಣ್ಣ ಮಹಾ ತಿಂಡಿಪೋತ, ಎಲ್ಲರಿಗೂ ಗೊತ್ತು.

ಡಬ್ಬಿ ಖಾಲಿ. ಅವರು ಅದನ್ನು ತೊಳೆದು, ಒರೆಸಿ, ಬೋರಲು ಹಾಕಿ ಹೋದರು. ಅದು ಬೋರಲಾಗಿದ್ದುದನ್ನು ನಾನು ಈ ಮನೆಯಲ್ಲಿ ನೋಡಿರಲಿಲ್ಲ.

ಅವರು ಹೋದ ಮೇಲೆ ಪಾತ್ರೆಯ ಮುಚ್ಚಳವನ್ನು ಇನ್ನೊಮ್ಮೆ ತೆಗೆದು ಇಣುಕಿದೆ. ಎಷ್ಟು ಬೆಳ್ಳಗಿದೆ, ಎಷ್ಟು ಶುಚಿಯಾಗಿದೆ! ಒಳಗೆ ಯಾರೂ ಇಲ್ಲ. ನನ್ನ ಹೊಟ್ಟೆಯೂ ಹೀಗೇ ಇರಬೇಕು ಎಂದು ಯಾಕೋ ಅನ್ನಿಸಿತು. ಆಮೇಲೆ ಆ ಯೋಚನೆಯನ್ನು ಬಿಟ್ಟೆ.

ಇದು ಜಯ. ಜಯವೇ. ಸಂಭ್ರಮಾಚರಣೆ ನಾಳೆ.

ಮಾರ್ಚ್ ೧೧, ಬುಧವಾರ

ಸಂಭ್ರಮಾಚರಣೆ ರದ್ದು.

ಕಸದ ಬುಟ್ಟಿಯಲ್ಲಿ ಕ್ಯಾಪ್ಸೂಲಿನ ಎರಡು ಹೋಳುಗಳು ಅವರ ಕಣ್ಣಿಗೆ ಬಿದ್ದವು. ಒಂದು ಕೆಂಪು, ಒಂದು ಹಳದಿ. ಅಂಗೈ ಮೇಲಿಟ್ಟುಕೊಂಡು ನನ್ನ ಕೋಣೆಗೆ ಬಂದರು. ಸೀಟಿ ಬಾಯಲ್ಲಿಲ್ಲದಿದ್ದರೂ ಊದಿದಂತಾಯಿತು.

"ಇದನ್ನ ಹಾಲಿಗೆ ಹಾಕಿದ್ಯಾ?"

"ಹಾಕಿದೆ." ತಲೆ ಎತ್ತಿಯೇ ಹೇಳಿದೆ. ಸಾಮ್ರಾಜ್ಞಿಯರು ಬಗ್ಗುವುದು ಕುದುರೆಯೊಳಗೆ ಮಾತ್ರ.

"ಯಾಕೆ, ಹಾಲಿಗೆ ಜ್ವರ ಬಂದಿತ್ತಾ? ಡಾಕ್ಟರು ಬರೆದಿದ್ದು ಹಾಲಿಗಾ, ನಿನಗಾ? ಒಂದು ಡೋಸು ತಪ್ಪಿಸಿದ್ದೀಯಲ್ಲ, ಆ ರೋಗ ವಾಪಸ್ ಬಂದ್ರೆ ಏನ್ ಗತಿ? ಬುದ್ಧಿ ಎಲ್ಲಿಟ್ಟಿದ್ದೀಯ?"

ನಾನು ಹೆಪ್ಪಿನ ಬಗ್ಗೆ ಬೈಯುತ್ತಾರೆಂದು ಒಳ್ಳೊಳ್ಳೆಯ ಉತ್ತರಗಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ. ಅವರು ಆಗಲೇ ಡಾಕ್ಟರಿಗೆ ಫೋನು ಹಚ್ಚಿ, ಒಂದು ಡೋಸು ತಪ್ಪಿದರೆ ಏನು ಮಾಡಬೇಕೆಂದು ಕೇಳುತ್ತಿದ್ದರು. "ಇಲ್ಲ ಡಾಕ್ಟ್ರೇ, ಮರೆತಳು. ಚಿಕ್ಕ ಹುಡುಗಿ," ಎಂದರು. ನನಗೆ ಹತ್ತೊಂಬತ್ತು! ತಪ್ಪಿದ್ದಕ್ಕೆ ಎರಡೆರಡು ನುಂಗದೆ, ಉಳಿದದ್ದನ್ನು ಹೊತ್ತುಹೊತ್ತಿಗೆ ಮುಗಿಸಬೇಕಂತೆ.

ಫೋನಿಟ್ಟ ಮೇಲೆ ನಾನೇ ಕೇಳಿದೆ, "ಹೆಪ್ಪು?"

"ಹೋದ್ರೆ ಹೋಯ್ತು. ಅಂಗಡೀಲಿ ಮೊಸರು ಸಿಗಲ್ವಾ?" ಅಂದವರು ಹಾಸಿಗೆಯ ತುದಿಯಲ್ಲಿ ಕೂತರು. "ನಾನು ಓಡ್ತಿದ್ದೆ ಗೊತ್ತಲ್ಲ, ಕ್ರೀಡಾ ಹಾಸ್ಟೆಲಲ್ಲಿದ್ದಾಗ? ಪ್ರತಿ ಓಟದ ಮುಂಚೆ ಹೊಟ್ಟೆ ಕೆಡೋದು. ಗೆಲ್ಲೋದಿರಲಿ, ಗೆರೆ ಮೇಲೆ ನಿಲ್ಲೋಕೇ ಆಗ್ತಿರಲಿಲ್ಲ. ಅಲ್ಲಿ ಅಡುಗೆ ಮಾಡ್ತಿದ್ದ ದೊಡ್ಡಮ್ಮ ಒಬ್ಬರು ಈ ಡಬ್ಬಿ ಕೊಟ್ಟು, ದಿನಾ ನೀನೇ ಹೆಪ್ಪು ಹಾಕು, ನೀನೇ ತಿನ್ನು ಅಂದ್ರು. ಮೊಸರಿಂದ ಹೋಯ್ತೋ, ದಿನಾ ಒಂದು ಕೆಲಸ ಇತ್ತಲ್ಲ ಅದರಿಂದ ಹೋಯ್ತೋ, ಭಯ ಹೋಯ್ತು. ಓಟ ಬಿಟ್ಟೆ, ಡಬ್ಬಿ ಬಿಡಲಿಲ್ಲ."

ನಾನು ಅನ್ನಬಾರದ್ದನ್ನು ಅಂದೆ: "ಓಟ ಬಿಟ್ಟು ನನ್ನ ಕಾಲು ಹಿಡ್ಕೊಂಡ್ರಿ."

ಅವರು ನನ್ನನ್ನೇ ನೋಡಿ ನಗಲು ಶುರುಮಾಡಿದರು. "ಅಯ್ಯೋ ತಾಯೀ! ಆ ಗವಿಯೊಳಗೆ ನಿಮ್ಮಣ್ಣನ ಬೆವರು ಕುಡಿಯೋಕೆ ನನಗೇನು ಆಸೆನಾ? ಮೇಷ್ಟ್ರು ಆ ಡ್ರಮ್ ಬಾರಿಸೋ ಹುಡುಗಿನ ಹಾಕ್ತೀನಿ ಅಂತಿದ್ರು. ಅವಳು ಒಂದ್ಸಲ ಹೊಕ್ಕರೆ ವಾಪಸ್ ಬರ್ತಾಳಾ? ನಾನಾದ್ರೆ ನೀನು ಗುಣ ಆದ ದಿನ ಎದ್ದು ಬರಬಹುದಲ್ಲ ಅಂತ ಹೊಕ್ಕೆ. ಜಾಗ ಹಿಡಿದಿಡೋಕೆ ಕಣೇ. ಬಸ್ಸಲ್ಲಿ ಟವೆಲ್ ಹಾಕ್ತಾರಲ್ಲ, ಹಾಗೆ."

ಸಾಮ್ರಾಜ್ಞಿಗೆ ಕೆಮ್ಮು ಬಂದಿತು.

ಮಾರ್ಚ್ ೧೨, ಗುರುವಾರ

ಇದು ಪ್ರಾಯಶ್ಚಿತ್ತವಲ್ಲ. ದಂಡಯಾತ್ರೆ. ನಾನು ಕೆಡಿಸಿದ್ದನ್ನು ನಾನೇ ಸರಿಪಡಿಸುತ್ತೇನೆ, ಅಂಗಡಿಯ ಮೊಸರಿನ ಹಂಗು ನನಗೆ ಬೇಡ.

ಕಳೆದ ತಿಂಗಳು ನಾಟಕದ ದರ್ಜಿಗೆ ಹೊಟ್ಟೆಯುರಿ ಎಂದು ಅತ್ತಿಗೆ ಒಂದು ಚಮಚ ಹೆಪ್ಪು ಕೊಟ್ಟಿದ್ದು ನೆನಪಾಯಿತು. ಬೋರಲಾಗಿದ್ದ ಡಬ್ಬಿಯನ್ನು ಎತ್ತಿಕೊಂಡು ಅವನ ಮನೆ ಹುಡುಕಿಕೊಂಡು ಹೋದೆ. ದರ್ಜಿಯಣ್ಣ ನನ್ನದೇ ಕುದುರೆಯ ಬಾಲಕ್ಕೆ ಹೊಸ ಕೂದಲು ಹೊಲಿಯುತ್ತಿದ್ದ.

"ಹೆಪ್ಪಾ? ದಿನಾ ಹಾಕ್ತೀನಮ್ಮ. ಇವತ್ತಿಂದು ಈಗ ತಾನೇ ತಿಂದು ಮುಗಿಸ್ದೆ."

"ನಾಳೆಗೆ ಉಳಿಸಿಲ್ವಾ?"

"ಮರೆತುಹೋಯ್ತು ನೋಡು!"

"ಬಟ್ಟಲು ಎಲ್ಲಿ?"

"ಅಲ್ಲೇ ಸಿಂಕಲ್ಲಿದೆ. ಇನ್ನೂ ತೊಳೆದಿಲ್ಲ. ಯಾಕೆ, ತೊಳೆದುಕೊಡ್ತೀಯಾ?"

ತೊಳೆಯದ ಬಟ್ಟಲು! ಸೋಮಾರಿತನವೇ, ನಿನಗೆ ನಮೋ ನಮಃ! ಬಟ್ಟಲಿನ ಅಂಚಿಗೆ ಒಂದು ಬೆರಳಿನಷ್ಟು ಅಂಟಿಕೊಂಡಿತ್ತು, ಅರೆಬರೆ ಒಣಗಿ. ನಾನು ಸಿಂಕಿನ ಮುಂದೆ ನಿಂತು ಚಮಚದಲ್ಲಿ ಕೆರೆದೆ, ಕೆರೆದೆ, ಕೆರೆದೆ. ದರ್ಜಿಯಣ್ಣ ಸೂಜಿ ಹಿಡಿದುಕೊಂಡೇ ಬಂದು ನೋಡಿ, "ಮನೇಲಿ ಊಟಕ್ಕೆ ಕೊಡ್ತಿಲ್ವೇನಮ್ಮಾ?" ಎಂದು ಗಂಭೀರವಾಗಿ ಕೇಳಿದ.

ಸ್ಟೀಲ್ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ.

ಹಾಲು ಕಾಯಿಸಿದೆ. ಕಿರುಬೆರಳು ಅದ್ದಿದೆ. ಸುಟ್ಟಿತು. ಕಾದೆ. ಮತ್ತೆ ಅದ್ದಿದೆ. ಹಿಂದಿನಿಂದ ಅತ್ತಿಗೆ, "ಬೆರಳಿಗೆ ಬಿಸಿ ಅಂತಲೂ ಅನ್ನಿಸಬಾರದು, ತಣ್ಣಗೆ ಅಂತಲೂ ಅನ್ನಿಸಬಾರದು. ಬೆರಳೇ ಇಲ್ಲ ಅನ್ನಿಸಬೇಕು, ಆಗ ಹಾಕು," ಅಂದಳು. ಕಣ್ಣು ಮುಚ್ಚಿಕೊಂಡೆ. ಬೆರಳು ಇಲ್ಲವಾದಾಗ ಹಾಕಿದೆ.

ಮಾರ್ಚ್ ೧೩, ಶುಕ್ರವಾರ

ಬೆಳಿಗ್ಗೆ ಹಾಲು. ಮಧ್ಯಾಹ್ನವೂ ಹಾಲು. ನಾನು ಮುಚ್ಚಳ ತೆಗೆದು ತೆಗೆದು ನೋಡುತ್ತಿದ್ದೆ. "ಅದಕ್ಕೂ ನಾಚಿಕೆ ಆಗುತ್ತೆ, ಬಿಡೇ," ಎಂದಳು ಅಮ್ಮ.

ಸಂಜೆ ಪಾತ್ರೆ ಓರೆ ಮಾಡಿದೆ. ಹರಿಯಲಿಲ್ಲ. ನಡುಗಿತು, ಅಷ್ಟೇ. ತೆಳ್ಳಗೆ, ಅಂಜಿಕೊಂಡಂತೆ, ಆದರೆ ನಿಂತಿತ್ತು.

ಅತ್ತಿಗೆ ಶಾಲೆಯಿಂದ ಬಂದವಳು ಮುಚ್ಚಳ ತೆಗೆದು ನೋಡಿ, ಸೀಟಿ ಬಾಯಿಗಿಟ್ಟು ಊದಿದಳು. ಅಡುಗೆಮನೆಯೊಳಗೆ! ಪಕ್ಕದ ಮನೆಯವರು ಬಾಗಿಲು ತೆಗೆದರು.

ಮಾರ್ಚ್ ೧೭, ಮಂಗಳವಾರ

ಮೊಸರು ತಿನ್ನುತ್ತಿದ್ದೇನೆ. ಇದನ್ನು ಶರಣಾಗತಿ ಎಂದು ಯಾರೂ ತಪ್ಪು ತಿಳಿಯಬಾರದು. ಇದು ತನಿಖೆ. ಜೊತೆಗೆ ಬಾಳೆಹಣ್ಣು, ಗಂಜಿ, ಬೇಯಿಸಿದ ತರಕಾರಿ. ಒಳಗೆ ಬಂದವರಿಗೂ ಊಟ ಹಾಕಬೇಕಂತೆ, ನಾರಿನಂಶವೇ ಅವರ ಊಟವಂತೆ. ಬರಿ ಆಹ್ವಾನ ಕಳಿಸಿ ಉಪವಾಸ ಕೆಡವಿದರೆ ಯಾರು ತಾನೇ ಇರುತ್ತಾರೆ?

ಕ್ಯಾಪ್ಸೂಲು ಮುಗಿದವು. ಒಂದೂ ಹಾಲಿಗೆ ಬೀಳಲಿಲ್ಲ.

ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಪರವಾಗಿಲ್ವೇ" ಎಂದರು.

"ಮೊಸರಿಂದ ಆಯ್ತಾ ಡಾಕ್ಟ್ರೇ?"

"ಮೊಸರೂ ಇರಬಹುದು, ದಿನ ಕಳೆದದ್ದೂ ಇರಬಹುದು. ಒಬ್ಬೊಬ್ಬರ ಹೊಟ್ಟೆ ಒಂದೊಂದು ಥರ. ಸಹಾಯ ಮಾಡುತ್ತೆ ಅನ್ನಬಹುದು, ಮಂತ್ರ ಅಂತ ಮಾತ್ರ ತಿಳ್ಕೋಬೇಡ."

ನನ್ನ ಮೊಂಡುತನದಿಂದಲೂ ಇರಬಹುದು ಎಂದು ಡಾಕ್ಟರು ಹೇಳಲಿಲ್ಲ. ವೈದ್ಯಶಾಸ್ತ್ರ ಇನ್ನೂ ಅಷ್ಟು ಮುಂದುವರಿದಿಲ್ಲ.

ಒಡೆದ ಟೈಲ್ಸಿನ ಒಂಟೆಯನ್ನು ಭೇಟಿಯಾಗಿ ಬಹಳ ಹೊತ್ತಾಯಿತು. ಬೇಸರ ಮಾಡಿಕೊಂಡಿರಬಹುದು.

ಫ್ರಿಜ್ಜಿನಲ್ಲಿ ಕೆನೆ ಮತ್ತೆ ಮಾಯ. ಅಣ್ಣನಿಗೆ ಮತ್ತೆ ಬೈಗುಳ.

ಮಾರ್ಚ್ ೨೧, ಶನಿವಾರ

ಪೂರ್ತಿ ರಿಹರ್ಸಲ್ಲು.

ಒಳಗೆ ಹೊಗುವ ಮುಂಚೆ ಮೂರು ಸಲ ಟಾಯ್ಲೆಟ್ಟಿನ ಬಾಗಿಲವರೆಗೆ ಹೋಗಿ ಬಂದೆ. ಭೇದಿಯಿಂದಲ್ಲ, ಭೇದಿಯಾದರೆ ಎಂಬ ಭಯದಿಂದ. ಎರಡರಲ್ಲಿ ಯಾವುದು ಕೆಟ್ಟದ್ದು ಎಂದು ಹೇಳಲಾರೆ. ಅತ್ತಿಗೆ ಬಾಲವನ್ನು ನನ್ನ ಸೊಂಟಕ್ಕೆ ಬಿಗಿದು ಕಟ್ಟುತ್ತಾ ಕಿವಿಯಲ್ಲಿ ಹೇಳಿದಳು: "ಆಗಲ್ಲ ಅನ್ನಿಸಿದ್ರೆ ಎರಡು ಸಲ ಒದೆ. ನಾನು ಪರದೆ ಪಕ್ಕದಲ್ಲೇ ಇರ್ತೀನಿ. ಹಿಂದಿನಿಂದ ನುಗ್ಗಿಬಿಡ್ತೀನಿ, ಯಾರಿಗೂ ಗೊತ್ತಾಗಲ್ಲ."

"ನಿನ್ನ ಮಾರ್ಚ್ ಪಾಸ್ಟ್ ನೋಡಿದ್ರೆ ಎಲ್ಲರಿಗೂ ಗೊತ್ತಾಗುತ್ತೆ ಅತ್ತಿಗೆ."

ಬೆನ್ನಿಗೊಂದು ಗುದ್ದು ಬಿತ್ತು.

ನಡುವೆ ಒಂದು ಸಲ ಹೊಟ್ಟೆ ಗುಡುಗಿತು. ಅಣ್ಣ ಮುಂದಿನಿಂದ, "ಲೇ, ನೀನಾ ನಾನಾ?" ಎಂದು ಪಿಸುಗುಟ್ಟಿದ. ಕತ್ತಲಲ್ಲಿ ಅವನ ಬೆಲ್ಟು ಹಿಡಿದುಕೊಂಡು ನಗು ತಡೆಯಲಾಗಲಿಲ್ಲ. ಇಬ್ಬರೂ ನಕ್ಕೆವು. ಹೊರಗಿನಿಂದ ನೋಡಿದವರಿಗೆ ಕುದುರೆಗೆ ಚಳಿಜ್ವರ ಬಂದಂತೆ ಕಂಡಿತಂತೆ. ಗುಡುಗು ಮಳೆಯಾಗದೆ ಹೋಯಿತು. ಕಾಲಿಗೆ ಕಾಲು ಹೆಣೆದು ನಿಲ್ಲುವ ಮುಂಚೆ, ಎಡ ಬಲ ಎಡ ಬಲ ಎಂದು ಶಿಸ್ತಾಗಿ ನಾಲ್ಕು ಹೆಜ್ಜೆ ಹಾಕಿ ಆಮೇಲೆ ಮುಷ್ಕರ ಹೂಡಿದೆ. ಹಾಗೆ ಮಾಡಿದರೆ ಮುಷ್ಕರಕ್ಕೆ ತೂಕ ಹೆಚ್ಚು.

ಕೊನೆಯವರೆಗೂ ಇದ್ದೆ.

"ಆ ನಡಿಗೆ ಹೊಸದಲ್ಲ?" ಎಂದರು ಮೇಷ್ಟ್ರು. "ಎಲ್ಲಿಂದ ಕದ್ದೆ?"

"ಕದ್ದಿಲ್ಲ ಮೇಷ್ಟ್ರೇ. ಟವೆಲ್ ಹಾಕಿಟ್ಟಿದ್ರು, ತಗೊಂಡೆ."

ಮಾರ್ಚ್ ೨೮, ಶನಿವಾರ

ಸಮಸ್ತ ಪ್ರಜೆಗಳೇ, ಹಳಬರೇ, ಹೊಸಬರೇ, ದರ್ಜಿಯಣ್ಣನ ಸಿಂಕಿನಿಂದ ವಲಸೆ ಬಂದವರೇ! ನಾಟಕ ಮುಗಿಯಿತು. ಮುಂದಿನ ಸಾಲಿನ ಒಂದು ಮಗು ನಕ್ಕು ನಕ್ಕು ಕುರ್ಚಿಯಿಂದ ಜಾರಿ, ಎದ್ದು, ಮತ್ತೆ ಬೇಕೆಂದೇ ಜಾರಿತು. ಪರದೆಯ ಪಕ್ಕದಲ್ಲಿ ನಮ್ಮತ್ತಿಗೆ ಕೊನೆಯವರೆಗೂ ನಿಂತಿದ್ದಳು, ಮೊಣಕಾಲು ಬಗ್ಗಿಸಿ, ಓಟದ ಗೆರೆಯ ಮೇಲೆ ನಿಂತವಳ ಹಾಗೆ. ನಾನು ಒದೆಯಲಿಲ್ಲ. ಕೊನೆಗೆ ಚಪ್ಪಾಳೆಗೆ ಬಗ್ಗುವಾಗ ಅವಳನ್ನೂ ಎಳೆದುಕೊಂಡು ಬಂದೆವು. ಕುದುರೆಗೆ ಆರು ಕಾಲಾಯಿತು. ಯಾರೂ ಆಕ್ಷೇಪಿಸಲಿಲ್ಲ.

ಮನೆಗೆ ಬಂದು ನಾನೇ ಹೆಪ್ಪು ಹಾಕಿದೆ. ಈಗ ದಿನವೂ ನಾನೇ ಹಾಕುವುದು. ಅತ್ತಿಗೆಯ ಬೆರಳಿಗೆ ವಿಶ್ರಾಂತಿ ಬೇಕು, ಅಷ್ಟೇ ಕಾರಣ. ಸಾಮ್ರಾಜ್ಯ ಯಾರಿಗೂ ಸೋತಿಲ್ಲ, ಯಾವ ಮೊಸರಿಗೂ ತಲೆಬಾಗಿಲ್ಲ ಎಂದು ಇತಿಹಾಸ ಬರೆದುಕೊಳ್ಳಲಿ.

ಇತಿಹಾಸಕ್ಕೆ ಹೇಳಬಾರದ್ದು ಒಂದಿದೆ. ಇಲ್ಲಿ, ಕೊನೆಯಲ್ಲಿ, ಚಿಕ್ಕ ಅಕ್ಷರದಲ್ಲಿ ಬರೆದಿಡುತ್ತೇನೆ. ಕೆನೆ ತಿಂದದ್ದು ಅಣ್ಣನಲ್ಲ. ಫ್ರಿಜ್ಜಿನ ಬಟ್ಟಲನ್ನು ಬಳಿದವನೂ ಅವನಲ್ಲ. ಮೊದಲ ದಿನದಿಂದಲೂ ಮಧ್ಯಾಹ್ನ ಅಮ್ಮ ಮಲಗಿದ ಮೇಲೆ ನಾನೇ. ಅತ್ತಿಗೆಯ ಮೊಸರು ಬಹಳ ಚೆನ್ನಾಗಿರುತ್ತಿತ್ತು.